ಆಲಮಟ್ಟಿಗೆ ಹೋಗಿದ್ದು, ಬರೂ ಮುಂದ ಗಾಡಿ ನಿಂತದ್ದು

ಅಕ್ಕಾರ, ತಂಗ್ಯಾರ, "ಆಲಮಟ್ಟಿಗೆ ಹೋಗಿದ್ರಂತಲ್ಲ, ರಾತ್ರಿ ಎಲ್ಲಿ ಉಳದ್ರಿ?" ಅಂತ ಓಣ್ಯಾಗ ಕೇಳಿದವರಿಗೆಲ್ಲಾ ಅರ್ಧಾಮರ್ಧಾ ಹೇಳಿ ಹೇಳಿ ಸಾಕಾಗೇತಿ. ಒಬ್ಬರಿಗೆ ಗಾಡಿ ನಿಂತದ್ದು ಹೇಳಿದೆ, ಇನ್ನೊಬ್ಬರಿಗೆ ಅತ್ತಿಗೆ ಚಕ್ಕರ ಬಂದದ್ದು ಹೇಳಿದೆ. ಎರಡೂ ಕೂಡಿ ಹೊನವಾಡದಾಗ ಒಂದ ಸುದ್ದಿ ಆಗಿ, ಅದು ತಿಕೋಟಾ ಮುಟ್ಟೂದ್ರಾಗ ಮತ್ತೊಂದ ಸುದ್ದಿ ಆಗಿ, ನಮ್ಮ ಚಿಗವ್ವ ಅಳಕೋಂತ ಫೋನ ಮಾಡಿದ್ಲು. ಅದಕ್ಕ ಇಲ್ಲೇ ಪೂರ್ತಿ ಬರದ ಬಿಡ್ತೀನಿ. ಓದಿದ ಮ್ಯಾಲೆ ಯಾರೂ ಕೇಳಬ್ಯಾಡ್ರಿ.

2025ರ ಆಗಸ್ಟ್ 15 ಶುಕ್ರವಾರ ಬಂದಿತ್ತು. ಶುಕ್ರವಾರ ಝಂಡಾ, ಶನಿವಾರ ಗೋಕುಲಾಷ್ಟಮಿ, ರವಿವಾರ ಸೂಟಿ. ಹುಡುಗರು ಶುಕ್ರವಾರ ಸಾಲ್ಯಾಗ ಕೊಟ್ಟ ಪೇಪರ್‌ಮಿಂಟ ಬಾಯಾಗ ಇಟಗೊಂಡ ಬಂದವರು ಚಪ್ಪಲಿ ಬಿಡೂದಕ್ಕೂ ಮೊದಲ "ಯವ್ವಾ, ರೈಲಿನ್ಯಾಗ ಎಲ್ಲ್ಯಾರ ಹೋಗೂಣು" ಅಂತ ಸುರು ಮಾಡಿದ್ರು. ನಮ್ಮೂರ ಕಡೆ ರೈಲು ಇಲ್ಲ, ಅದು ನಿಮಗ ಗೊತ್ತ ಐತಿ. ಗೋಳಗುಮ್ಮಟ ನೋಡಾಕ ಬಿಜಾಪುರಕ್ಕ ಹೋದಾಗ ಸ್ಟೇಷನ್ನಿನ ಸದ್ದು ಕೇಳಿದ್ದು ಬಿಟ್ರ ನನ್ನ ಮಕ್ಕಳು ರೈಲ ಹತ್ತಿದವರಲ್ಲ. (ವಿಜಯಪುರ ಅಂತ ಹೆಸರ ಬದಲಾಗಿ ಹನ್ನೊಂದ ವರ್ಷ ಆಗಾಕ ಬಂತು, ನಮ್ಮ ಬಾಯಿಗೆ ಇನ್ನೂ ಬಿಜಾಪುರನ.)

ಆಲಮಟ್ಟಿ ಅಂತ ಹೆಸರ ತಗದಾಕಿ ನಮ್ಮ ಅತ್ತಿ. ನನಗ ಆಶ್ಚರ್ಯ ಆತು. ಜಾತ್ರಿ ಬಿಟ್ರ ಎಲ್ಲಿಗೂ ಬರಾಕ ಒಲ್ಲೆ ಅನ್ನೂ ಹೆಣಮಗಳು. ಪಂಚಮಿಗೆ ಆಕಿ ತಮ್ಮ ಕರ್ಯಾಕ ಬಂದಿದ್ದ, ಮಣಕಾಲ ನೋವು ಅಂತ ಹೋಗಿರಲಿಲ್ಲ. ಈಗ ತಾನ "ನೀರ ತುಂಬೈತಂತ, ಒಮ್ಮೆ ನೋಡಿ ಬರೂಣು" ಅಂದ್ಲು. ಅಷ್ಟ ಅಂದ್ಲು, ಮುಂದ ಮಾತಾಡಲಿಲ್ಲ.

ನಮ್ಮ ಅತ್ತಿ ತವರೂರು ಬೀಳಗಿ ಕಡೆ, ಕೃಷ್ಣಾ ಹೊಳಿ ದಂಡಿಗೆ. ಇತ್ತು ಅನಬೇಕು. ಈಗ ಅದರ ಮ್ಯಾಲೆ ಆಲಮಟ್ಟಿ ಹಿನ್ನೀರ ನಿಂತೈತಿ.

ರವಿವಾರ ನಸುಕಿನ್ಯಾಗ ನಾಲ್ಕಕ್ಕ ಎದ್ದ ಬುತ್ತಿ ಕಟ್ಟಿದೆ. ಮೂವತ್ತ ಕಡಕ ರೊಟ್ಟಿ, ಹತ್ತ ಮೆತ್ತಗಿನ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ, ಝುಣಕದ ವಡಿ, ಮೊಸರು. ಪಂಚಮಿ ಶೇಂಗಾ ಉಂಡಿ ಡಬ್ಬಿ ತಳದಾಗ ಎಂಟ ಹತ್ತ ಉಳದಿದ್ವು, ಅವನ್ನೂ ಹಾಕಿದೆ. ನಮ್ಮನಿಯವರು ದನಾ ಮತ್ತ ದ್ರಾಕ್ಷಿ ತ್ವಾಟ ಬಿಟ್ಟ ಬರೂ ಹಂಗ ಇರಲಿಲ್ಲ. ಹೊರಟವರು ನಾನು, ಅತ್ತಿ, ನನ್ನ ಇಬ್ಬರ ಮಕ್ಕಳು, ಬಾಜೂ ಮನಿ ಅಕ್ಕ ಮತ್ತ ಆಕಿ ಹತ್ತನೇತ್ತಾ ಓದೂ ಮಗಳು. ಗಂಡಸರು ಅಂತ ಇದ್ದದ್ದು ನನ್ನ ಒಂಬತ್ತ ವರ್ಷದ ಮಗ ಒಬ್ಬ. ಅವ ಅದನ್ನ ದಾರಿ ತುಂಬ ನೆನಪ ಮಾಡಿಕೊಟ್ಟ.

ಬಿಜಾಪುರತನಕ ಸರಕಾರಿ ಬಸ್ಸು. 2023ರ ಜೂನ್‌ದಾಗ ಶಕ್ತಿ ಯೋಜನಾ ಬಂದಾಗಿಂದ ಹೆಣಮಕ್ಕಳಿಗೆ ರೊಕ್ಕ ಇಲ್ಲ. ಸೂಟಿ ದಿನ ಸೀಟೂ ಇಲ್ಲ. ನಿಂತ ಹೋದ್ವಿ. ಸ್ಟೇಷನ್ನಿನ್ಯಾಗ ಟಿಕೇಟ ತಗಿಸಿ ಗಾಡಿ ಹತ್ತಿದ ಮ್ಯಾಲೆ ಹುಡುಗರು ಕಿಡಕಿ ಬಿಡಲಿಲ್ಲ. ಜುಮನಾಳ, ಮುಳವಾಡ, ಬಸವನ ಬಾಗೇವಾಡಿ ರೋಡ್ (ಹೆಸರಿಗೆ ಬಾಗೇವಾಡಿ, ಅಲ್ಲಿ ಇಳಿದವರಿಗೆ ಬಾಗೇವಾಡಿ ಕಾಣಸೂದಿಲ್ಲ, ಊರು ಭಾಳ ದೂರ), ವಂದಾಲ, ಆಮ್ಯಾಲ ಆಲಮಟ್ಟಿ. ಅತ್ತಿ ಹೇಳಿದ್ಲು, ಆಕಿ ಮದವಿ ಆದಾಗ ಈ ಹಳಿ ಸಣ್ಣದ ಇತ್ತಂತ, ಮೀಟರಗೇಜು. ಬ್ರಿಟಿಷರ ಕಾಲಕ್ಕ 1876-78ರ ದೊಡ್ಡ ಬರ ಬಿದ್ದ ಮ್ಯಾಲೆ, ನಮ್ಮ ಕಡೆಗೆ ಕಾಳು ಸಾಗಸಾಕ ಅಂತ ಹೋಟಗಿಯಿಂದ ಗದಗತನಕ ಹಾಕಿದ ಹಳಿ ಇದು. ಕಲ್ಲಿದ್ದಲಿನ ಎಂಜಿನ್ನು, ಕಿಡಕ್ಯಾಗ ಕುಂತ್ರ ಕಣ್ಣಾಗ ಕರೀ ಕಸ. ಮದಲಗಿತ್ತಿ ಆಗಿ ಬಂದಾಗ ಕಣ್ಣ ಕೆಂಪಾಗಿದ್ದು ನೋಡಿ "ಹುಡುಗಿ ಭಾಳ ಅತ್ತಾಳ" ಅಂತ ಗಂಡನ ಮನ್ಯಾಗ ಅಂದ್ರಂತ. "ಅತ್ತದ್ದೂ ಖರೆ, ಕಸ ಬಿದ್ದದ್ದೂ ಖರೆ" ಅಂತ ನಕ್ಕಳು.

ಆಲಮಟ್ಟಿ ನೋಡದವರಿಗೆ ಸ್ವಲ್ಪ ಹೇಳ್ತೀನಿ. ಆಣೆಕಟ್ಟಿಗೆ 26 ಗೇಟು. ನಾವು ಹೋದ ದಿನ ನೀರ ಬಿಟ್ಟಿದ್ರು, ಹಾಲ ಉಕ್ಕಿದಂಗ ಬೆಳ್ಳಗ ಬೀಳತಿತ್ತು, ದೂರ ನಿಂತವರ ಮಾರಿ ಮ್ಯಾಲೂ ಹನಿ. ಲಾಲಬಹಾದ್ದೂರ ಶಾಸ್ತ್ರಿಯವರು 1964ರ ಮೇ ತಿಂಗಳದಾಗ ಬಂದು ಅಡಿಗಲ್ಲ ಇಟ್ಟಾರ. ಮುಂದ ಒಂದ ತಿಂಗಳೂ ಆಗೂದ್ರಾಗ ಅವರು ಪ್ರಧಾನಮಂತ್ರಿ ಆದ್ರು. ಅದಕ್ಕ ಈ ಜಲಾಶಯಕ್ಕ ಅವರದ ಹೆಸರು. ನೀರ ನಿಲ್ಲಸೂ ಮಟ್ಟ 519.60 ಮೀಟರು, ಅಷ್ಟ ತುಂಬಿದ್ರ 123 ಟಿಎಂಸಿ ಅಂತ ಪೇಪರಿನ್ಯಾಗ ಬರತಿರ್ತದ. ಕೆಳಗ ಕರೆಂಟ ತಯಾರ ಮಾಡೂ ಮನಿ ಐತಿ, 290 ಮೆಗಾವ್ಯಾಟಿಂದು. ಉದ್ಯಾನ ಚೊಲೋ ಮಾಡ್ಯಾರ. ರಾಕ್ ಗಾರ್ಡನ್ನಿನ್ಯಾಗ ಕಲ್ಲಿನ ಆಕಾರ ನೋಡಿ ಹುಡುಗರು ಹುಚ್ಚಾದ್ರು. ಆದ್ರ ಸೂಟಿ ದಿನ ಹೋಗಬ್ಯಾಡ್ರಿ, ಇದ ನನ್ನ ಮಾತು. ಕುಂದರಾಕ ನೆಳ್ಳ ಸಿಗಲಿಲ್ಲ. ಒಂದ ಗಿಡದ ಬುಡಕ್ಕ ಹಾಸಗಿ ಹಾಸಿದ್ರ ನಾಲ್ಕ ಮನಿ ಮಂದಿ ಬಂದ ಕುಂತ್ರು. ಅವರ ಪುಂಡಿಪಲ್ಯ ನಮ್ಮ ತಾಟಿಗೆ, ನಮ್ಮ ಎಣಗಾಯಿ ಅವರ ತಾಟಿಗೆ. ಅದ ಒಂದ ಚೊಲೋ ಆತು.

ಅತ್ತಿ ಊಟಾ ಮಾಡಿ ನೀರ ಕಡೆ ಮಾರಿ ಮಾಡಿ ಕುಂತ್ಲು. "ನಿಮ್ಮೂರು ಯಾವ ಕಡೆ ಬರ್ತದರೀ?" ಅಂತ ಕೇಳಿದೆ. ಕೈ ಎತ್ತಿ ಪಡವಲಕ್ಕ ತೋರಿಸಿದ್ಲು. ಅಲ್ಲಿ ನೀರ ಬಿಟ್ರ ಏನೂ ಇರಲಿಲ್ಲ. ಹುಡುಗರು "ಆಯಿ, ನಿಂದು ಊರು ಸಮುದ್ರದಾಗ ಐತೇನ?" ಅಂದ್ವು. ಆಕಿ "ಹೂಂ" ಅಂದು ಸುಮ್ಮನಾದ್ಲು. ಇಡೀ ದಿನ ಆ ವಿಷಯ ಅಷ್ಟ.

ಸಂಗೀತ ಕಾರಂಜಿ ನೋಡೂಣು ಅಂತ ಹುಡುಗರದು ಹಟ. ಅದು ಕತ್ತಲಾದ ಮ್ಯಾಲೆ ಸುರು ಆಗೂದು, ನಮಗ ಬಿಜಾಪುರದಾಗ ಹೊನವಾಡದ ಕಡೇ ಬಸ್ಸ ಸಿಗಬೇಕು. ಮರುದಿನ ಶ್ರಾವಣದ ಕಡೇ ಸೋಮವಾರ, ಅತ್ತಿ ಉಪವಾಸ, ನಸುಕಿನ್ಯಾಗ ಗುಡಿಗೆ ಹೋಗಬೇಕು. ಐಸ್‌ಕ್ರೀಮ್ ಕೊಡಿಸಿ ಎಳಕೊಂಡ ಸ್ಟೇಷನ್ನಿಗೆ ಬಂದ್ವಿ. ಸಂಜಿ ಗಾಡಿ ಸ್ವಲ್ಪ ತಡಾ ಆಗಿ, ಆರರ ಹೊತ್ತಿಗೆ ಬಂತು. ಡಬ್ಬಿಯೊಳಗ ಕಾಲ ಇಡಾಕ ಜಾಗಾ ಇಲ್ಲ. ಅತ್ತಿಗೆ ಒಂದ ಸೀಟ ಸಿಕ್ತು, ಆಕಿ ಎದುರಿಗೆ ಒಬ್ಬಾಕಿ ಹಿರೀ ಹೆಣಮಗಳು ಮೊಮ್ಮಗನ್ನ ತೊಡಿ ಮ್ಯಾಲೆ ಕೂಡಿಸಿಕೊಂಡಿದ್ಲು. ನಾವೆಲ್ಲಾ ಬಾಗಲ ಹತ್ರ, ಚೀಲದ ಮ್ಯಾಲೆ.

ಎರಡ ಸ್ಟೇಷನ್ ದಾಟಿದ ಮ್ಯಾಲೆ ಗಾಡಿ ನಿಧಾನ ಆತು. ಆಮ್ಯಾಲ ನಿಂತು. ಸ್ಟೇಷನ್ ಅಲ್ಲ ಏನಲ್ಲ, ಎರಡೂ ಕಡೆ ತೊಗರಿ ಹೊಲ. ಮೊದಲ ಹತ್ತ ನಿಮಿಷ ಯಾರಿಗೂ ಏನೂ ಅನಸಲಿಲ್ಲ. ಕ್ರಾಸಿಂಗ್ ಇರಬೇಕು ಅಂದ್ರು. ಅರ್ಧ ತಾಸ ಆತು. ಹುಡುಗರು ಕೆಳಗ ಜಿಗದು ಮುಂದ ಹೋಗಿ ನೋಡಿ ಬಂದ್ರು. ಒಬ್ಬ ಹೇಳಿದ ಮುಂದ ಮಾಲಗಾಡಿ ಎಂಜಿನ್ ಕೆಟ್ಟೈತಿ, ಬ್ಯಾರೇ ಎಂಜಿನ್ ಬರಬೇಕು ಅಂತ. ಇನ್ನೊಬ್ಬ ಕರೆಂಟ ವಾಯರು ಹರದೈತಿ ಅಂದ. ಖರೆ ಯಾವುದು ಅನ್ನೂದು ಇವತ್ತಿಗೂ ನಮಗ ಯಾರೂ ಹೇಳಿಲ್ಲ. ಕತ್ತಲಾತು. ಫ್ಯಾನ್ ನಿಂತ್ವು. ಮಳಿ ಹನಿ ಬಿದ್ದದ್ದಕ್ಕ ಕಿಡಕಿ ಹಾಕಿದ್ರು. ಆ ಡಬ್ಬಿಯೊಳಗಿನ ಕಾವು, ಬೆವರು, ಬಾಳೆಹಣ್ಣಿನ ಸಿಪ್ಪಿ ವಾಸನಿ, ಏನ ಹೇಳಲಿ.

ಗಂಡಸರಿಗೆ ತ್ರಾಸ ಇಲ್ಲ ನೋಡ್ರಿ. ಇಳದ್ರು, ಹೊಲದಾಗ ಹೋಗಿ ಬಂದ್ರು, ಬೀಡಿ ಸೇದಿದ್ರು. ನಾವು ಎಲ್ಲಿ ಇಳ್ಯೂದು? ಸಂಡಾಸದಾಗ ನೀರ ಮುಗದಿತ್ತು. ಬಾಜೂ ಮನಿ ಅಕ್ಕನ ಮಗಳಿಗೆ ಅವತ್ತ ಬರಬೇಕಾ, ಹುಡುಗಿ ಮಾರಿ ಸಣ್ಣದ ಮಾಡಕೊಂಡ ನಿಂತಿತ್ತು. ನರ್ಸಿಂಗ್ ಓದೂ ಒಬ್ಬ ಹುಡುಗಿ ಸೂಟಿ ಮುಗಿಸಿ ಕಾಲೇಜಿಗೆ ಹೊಂಟಿದ್ಲು. ಯಾರೂ ಕೇಳೂದ್ರಾಗ ತಿಳಕೊಂಡು ಚೀಲದಾಗಿಂದ ಪ್ಯಾಡ ತಗದ ಕೊಟ್ಲು. ನಾನೂ ಅಕ್ಕನೂ ಸೀರಿ ಸೆರಗ ಹಿಡದು ಬಾಗಲಿಗೆ ಆಡ ನಿಂತ್ವಿ. ಕುಡಿಯಾಕ ಇಟಗೊಂಡಿದ್ದ ಒಂದ ಬಾಟಲಿ ನೀರ ಅಲ್ಲೇ ಹೋತು. ಇಂಥಾದ್ದು ಬರೀಬಾರದು ಅಂತ ಒಬ್ಬಿಬ್ಬರು ಅಂದಾರು. ಪ್ರವಾಸ ಅಂದ್ರ ನಮಗ ಮೊದಲ ಚಿಂತಿ ಇದ ಇರ್ತದ, ಬರೀದ ಏನ ಮಾಡ್ಲಿ?

ಏಳೂವರಿ ದಾಟಿರಬೇಕು. ನನ್ನ ಮಗ ಬಂದು "ಯವ್ವಾ, ಆಯಿ ಏನೇನರ ಮಾತಾಡಾಕತ್ತಾಳ" ಅಂದ. ಮಂದಿ ನಡಕ ಹಾದು ಹೋಗಿ ನೋಡಿದ್ರ ಅತ್ತಿ ಮಾರಿ ಮ್ಯಾಲೆ ಬೆವರು ನೀರಾಗಿ ಇಳ್ಯಾಕತ್ತಿತ್ತು. ಕೈ ನಡಗತಿದ್ವು. "ಬಾಗಲಾ ತಗೀರಿ, ಎತ್ತ ಬಂದಾವ" ಅಂತ ಅನ್ನಾಕತ್ತಿದ್ಲು. ನನ್ನ ಎದಿ ಧಸಕ್ ಅಂತು.

ಆದದ್ದ ಏನಂದ್ರ, ಅತ್ತಿಗೆ ಸಕ್ಕರಿ ಜಡ್ಡ ಹನ್ನೆರಡ ವರ್ಷದಿಂದ ಐತಿ. ರಾತ್ರಿ ಗುಳಗಿ ಗಡಿಯಾರದಾಗ ಏಳು ಅಂದ್ರ ಏಳಕ್ಕ ನುಂಗೂದು, ಅರ್ಧ ತಾಸಿಗೆ ಉಣ್ಣೂದು. ಆಕೀಗಿ ಅಂತ ಎರಡ ರೊಟ್ಟಿ ಅರಿವ್ಯಾಗ ಸುತ್ತಿ ಆಕಿ ಚೀಲದಾಗ ಇಟ್ಟಿದ್ದೆ. ಎದುರಿನ ಕೂಸು ಹಸದು ಅಳಾಕತ್ತಿತ್ತಂತ, ಆ ಎರಡೂ ರೊಟ್ಟಿ ಅದಕ್ಕ ತಗದ ಕೊಟ್ಟು, ತಾನು ಗುಳಗಿ ಮಾತ್ರ ನುಂಗಿ ಕುಂತಾಳ. ಯಾರಿಗೂ ಹೇಳಿಲ್ಲ.

ಆ ನರ್ಸಿಂಗ್ ಹುಡುಗೀನ ಕೂಗಿದೆ. ಬಂದಾಕಿ ಕೈ ಹಿಡದು ನೋಡಿ "ಸಕ್ಕರಿ ಇಳದೈತ್ರಿ, ಯಾರ ಹತ್ರ ಸಕ್ಕರಿ, ಬೆಲ್ಲ, ಏನರ ಐತಿ?" ಅಂತ ಜೋರಾಗಿ ಕೇಳಿದ್ಲು. ನಾನು ಉಂಡಿ ಡಬ್ಬಿ ತಗದೆ. ಆಕಿ ಬ್ಯಾಡ ಅಂದ್ಲು. "ಶೇಂಗಾದಾಗ ಎಣ್ಣಿ ಇರ್ತದ, ಸಕ್ಕರಿ ರಕ್ತಕ್ಕ ಲಗು ಹತ್ತೂದಿಲ್ಲ. ಮೊದಲ ಬರೇ ಸಕ್ಕರಿ ನೀರ ಕೊಡ್ರಿ, ಉಂಡಿ ಆಮ್ಯಾಲ." ಇದನ್ನ ನೀವೂ ನೆನಪಿಟಗೋರಿ, ನಿಮ್ಮ ಮನ್ಯಾಗೂ ಸಕ್ಕರಿ ಜಡ್ಡಿನವರು ಇದ್ದ ಇರ್ತಾರ. ಮನಶಾಗ ಎಚ್ಚರ ಇರಬೇಕು, ನುಂಗಾಕ ಬರಬೇಕು. ಎಚ್ಚರ ತಪ್ಪಿದವರ ಬಾಯಾಗ ಏನೂ ಹಾಕಬಾರದು, ಗಂಟಲಕ್ಕ ಸಿಗತೈತಿ. ಆವಾಗ ಸೀದಾ ದವಾಖಾನಿ. ಗಾಡ್ಯಾಗ ಇದ್ರ 139 ನಂಬರಿಗೆ ಫೋನ ಹಚ್ಚಿ ಸಹಾಯ ಕೇಳಬೇಕು ಅಂತನೂ ಹೇಳಿದ್ಲು.

ಸಕ್ಕರಿ ಬಂದದ್ದು ಎಲ್ಲಿಂದ ಅಂತೀರಿ? ಆಚೀ ಸಾಲಿನ್ಯಾಗ ಚಾ ಮಾರೂ ಹುಡುಗ ಖಾಲಿ ಕಿಟ್ಲಿ ಹಿಡಕೊಂಡ ಕುಂತಿದ್ದ. ಅವನ ಡಬ್ಬಿ ತಳದಾಗ ನಾಲ್ಕ ಚಮಚಾ ಸಕ್ಕರಿ. ನೀರ ಕೊಟ್ಟಾಕಿ ಬುರ್ಖಾ ಹಾಕಿದ್ದ ಒಬ್ಬ ತಾಯಿ, ತನ್ನ ಹುಡುಗರಿಗೆ ಅಂತ ಇಟ್ಟಿದ್ದ ಅರ್ಧ ಬಾಟಲಿ. ಲೋಟದಾಗ ಕಲಸಿ ಗುಟಕ ಗುಟಕ ಕುಡಿಸಿದ್ವಿ. ನರ್ಸಿಂಗ್ ಹುಡುಗಿ ಫೋನಿನ್ಯಾಗ ಗಡಿಯಾರ ನೋಡಕೋಂತ ಹದಿನೈದ ನಿಮಿಷ ಹಂಗ ಕುಂತ್ಲು. ಆ ಹದಿನೈದ ನಿಮಿಷದಾಗ ನಾನು ಹರಕಿ ಹೊರದ ದೇವರಿಲ್ಲ. ನಿಧಾನಕ್ಕ ಬೆವರು ನಿಂತು. ಅತ್ತಿ ಕಣ್ಣ ನೆಟ್ಟಗಾದ್ವು, ನನ್ನ ನೋಡಿ "ಯಾಕ ಅಳತಿ? ದನಾ ಹಿಂಡಿದ್ರಂತನ?" ಅಂದ್ಲು. ಅಲ್ಲಿದ್ದ ಮಂದೆಲ್ಲಾ ನಕ್ಕರು. ನನಗ ನಗುವೂ ಬರಲಿಲ್ಲ, ಅಳುವೂ ನಿಲ್ಲಲಿಲ್ಲ.

ಆಮ್ಯಾಲ ಉಂಡಿ ತಿನ್ನಿಸಿದ್ವಿ. ಉಳದ ಉಂಡಿ ಮುರದ ಮುರದ ಎಲ್ಲಾರಿಗೂ ಹಂಚಿದೆ. ಎದುರಿನ ಹಿರ್‍ಯಾಕಿ ಮಾತ್ರ ತಿನ್ನಲಿಲ್ಲ. "ನಿಮ್ಮ ರೊಟ್ಟಿ ನನ್ನ ಮೊಮ್ಮಗ ತಿಂದ, ಅದಕ್ಕ ಹಿಂಗಾತು" ಅಂತ ಕಣ್ಣೀರ ತಗದ್ಲು. ಅತ್ತಿ ಆಕಿ ಕೈ ಹಿಡದು "ಕೂಸ ತಿಂದ್ರ ನಾ ತಿಂದಂಗ, ಬಿಡ್ರಿ. ಯಾವೂರು ನಿಮ್ಮದು?" ಅಂತ ಕೇಳಿದ್ಲು. ಆಕಿ ತಮ್ಮದು ಆರ್‌.ಸಿ. ಅಂದ್ಲು.

ಆರ್‌.ಸಿ. ಅಂದ್ರ ಪುನರ್ವಸತಿ ಕೇಂದ್ರ. ಆಲಮಟ್ಟಿ ನೀರಾಗ ಮುಳುಗಿದ ಊರಿನವರಿಗೆ ಎತ್ತರದಾಗ ಕಟ್ಟಿಕೊಟ್ಟ ಹೊಸ ಊರು. ಬಾಗಲಕೋಟಿ ಶಹರಕ್ಕ ನವನಗರ ಆದಂಗ, ಹಳ್ಳಿಗಳಿಗೆ ಆರ್‌.ಸಿ. ನಮ್ಮ ಅತ್ತಿ ಕಣ್ಣು ದೊಡ್ಡವಾದ್ವು. "ಹಳೇ ಊರು ಯಾವುದು?" ಅಂದ್ಲು. ಆಕಿ ಹೇಳಿದ್ಲು. ಅತ್ತಿ ತವರೂರಲ್ಲ ಅದು, ಅಲ್ಲಿಂದ ಎರಡ ಊರ ಆಚೆ. ಆದ್ರೂ ಹೊಳಿ ಒಂದ, ಬೀಳಗಿ ಸಂತಿ ಒಂದ.

ಅಕ್ಕಾರ, ನಾನು ಈ ಮನಿಗೆ ನಡಕೊಂಡ ಬಂದು ಹದಿನಾರ ವರ್ಷ. ಅತ್ತಿ ತವರಿನ ಮಾತು ಇಷ್ಟ ಯಾವಾಗೂ ಕೇಳಿರಲಿಲ್ಲ. ಕತ್ತಲದಾಗ ಒಬ್ಬರ ಮಾರಿ ಒಬ್ಬರಿಗೆ ಸರಿ ಕಾಣಸ್ತಿರಲಿಲ್ಲ, ಇಬ್ಬರೂ ಮಾತಾಡಿದ್ದ ಮಾತಾಡಿದ್ದು. ಬ್ಯಾಸಗ್ಯಾಗ ಹೊಳಿ ಇಳದಾಗ ಉಸುಕಿನ್ಯಾಗ ಕಲ್ಲಂಗಡಿ ಹಾಕತಿದ್ದದ್ದು. ಹೊಳಿದಂಡಿ ಬದನಿಕಾಯಿ ರುಚಿ, "ಈ ಎಣಗಾಯಿ ಏನ ಮಾಡೀಯವ್ವಾ" ಅಂತ ನನಗೊಂದ ಚುಚ್ಚು. ಪಂಚಮಿಗೆ ಅಗಸಿ ಮುಂದಿನ ಬೇವಿನ ಗಿಡಕ್ಕ ಜೋಕಾಲಿ ಕಟ್ಟತಿದ್ದದ್ದು, ಜೀಕಿದ್ರ ಹೊಳಿ ಕಾಣತಿದ್ದದ್ದು. ಊರ ಬಿಡೂ ಮುಂದ ಹಣಮಪ್ಪನ್ನ ಎತ್ತಿನ ಬಂಡ್ಯಾಗ ಕೂಡಿಸಿ ಒಯ್ದ್ರಂತ. ಮನಿ ತೊಲಿ, ಜಂತಿ, ಬಾಗಲಾ ಬಿಚ್ಚಿ ಒಯ್ದ್ರಂತ, ಹೊಸ ಮನಿಗೆ ಆಗ್ತಾವ ಅಂತ. ಅತ್ತಿ ತಮ್ಮ ಹಳೇ ತಲಬಾಗಲಾ ಒಯ್ದು ನೋಡಿದ್ರ ಹೊಸ ಮನಿಗೆ ಅದು ದೊಡ್ಡದಾತಂತ. ಈಗ ಅದು ಆರ್‌.ಸಿ.ಯೊಳಗ ದನದ ಮನಿಗೆ ಐತಿ. "ಬಾಗಲಾ ತಗೀರಿ, ಎತ್ತ ಬಂದಾವ" ಅಂತ ಆಕಿ ಬಡಬಡಿಸಿದ್ದು ಯಾವ ಬಾಗಲಾ ಅನ್ನೂದು ಆವಾಗ ನನಗ ತಿಳೀತು.

"ಪರಿಹಾರ ಸಿಕ್ತಲ್ಲರೀ?" ಅಂತ ಯಾರೋ ಕೇಳಿದ್ರು. ಆರ್‌.ಸಿ. ಅಕ್ಕ "ಸಿಕ್ತು, ಖರ್ಚೂ ಆತು" ಅಂದ್ಲು. ಅತ್ತಿ ಸ್ವಲ್ಪ ಹೊತ್ತ ಬಿಟ್ಟು ಅಂದ್ಲು, "ನಮ್ಮ ಹೊನವಾಡ ಕಡೆ ದ್ರಾಕ್ಷಿಗೆ ಟ್ಯಾಂಕರಲೆ ನೀರ ಹಾಕತಿದ್ರು. ಈಗ ತುಬಚಿ-ಬಬಲೇಶ್ವರ ಕಾಲವಿ ಆಗೇತಿ, ಕೃಷ್ಣಾ ನೀರ ಎತ್ತಿ ನಮ್ಮ ಸೀಮಿಗೆ ತಂದಾರ. ಕೊಟ್ಟ ಮನಿಗೆ ನೀರ ಬಂತು, ಹುಟ್ಟಿದ ಮನಿ ನೀರಾಗ ಹೋತು. ನಾ ಯಾರ್‍ನ ಬೈಲಿ?" ಯಾರೂ ಏನೂ ಅನಲಿಲ್ಲ. ಕೂಸು ಮಲಗಿತ್ತು.

ಹತ್ತೂಕಾಲಕ್ಕ ಗಾಡಿ ಒಮ್ಮೆ ಜಗ್ಗಿ ಹೊಂಟಿತು. ಫ್ಯಾನ್ ತಿರಗಿದ್ವು, ಲೈಟ ಬಂದ್ವು, ಎಲ್ಲಾರೂ "ಹೋ" ಅಂತ ಚೀರಿದ್ರು. ಬಿಜಾಪುರ ಮುಟ್ಟಿದಾಗ ಹನ್ನೊಂದೂ ಇಪ್ಪತ್ತು. ಕಡೇ ಬಸ್ಸ ಹೋಗಿ ಯಾವ ಕಾಲಾತು. ನನ್ನ ಫೋನು ಸತ್ತಿತ್ತು, ನರ್ಸಿಂಗ್ ಹುಡುಗಿ ಫೋನಿಲೆ ನಮ್ಮನಿಯವರಿಗೆ ಹೇಳಿದೆ. ಅವರು ಯಾರದ್ದಾರ ಗಾಡಿ ಮಾಡಕೊಂಡ ಬರ್ತೀನಿ ಅಂದ್ರು. ಆರ್‌.ಸಿ. ಅಕ್ಕ ಫೋನ ಕಸಗೊಂಡು "ಅಣ್ಣಾರ, ನಿಮ್ಮ ತಾಯಿ ಜೀವಾ ದಣದೈತಿ, ಇಷ್ಟ ರಾತ್ರಿ ಅಷ್ಟ ದೂರ ಬ್ಯಾಡ. ಇಲ್ಲೇ ನನ್ನ ಮಗಳ ಮನಿ ಐತಿ, ನಸುಕಿನ್ಯಾಗ ಕಳಸ್ತೀನಿ" ಅಂದ್ಲು. ಕೇಳಿದ್ದಲ್ಲ, ಹೇಳಿದ್ದು.

ಎರಡ ಖೋಲಿ ಮನಿ ಅದು. ಬಾಣಂತಿ ಮಗಳು ಒಳಗ, ನಾವ ಆರ ಮಂದಿ ಪಡಸಾಲ್ಯಾಗ ಕೌದಿ ಹಾಸಿ ಮಲಗಿದ್ವಿ. ಅಷ್ಟ ರಾತ್ರ್ಯಾಗ ಅಳಿಯ ಅನ್ನಕ್ಕ ಇಟ್ಟ, ಬ್ಯಾಳಿ ಸಾರು ಬಿಸಿ ಮಾಡಿದ. ಗಂಡಸು ಒಲಿ ಮುಂದ ನಿಂತದ್ದನ್ನ ನನ್ನ ಮಗ ಕಣ್ಣ ಪಿಳಿಸದಂಗ ನೋಡಿದ, ಮನಿಗೆ ಬಂದು ಅವರಪ್ಪಗ ಹೇಳ್ಯಾನ, ಅದು ಬ್ಯಾರೇ ಕಥಿ.

ನಸುಕಿನ್ಯಾಗ ಮೊದಲನೇ ಬಸ್ಸು. ಅತ್ತಿ ಊರ ಮುಟ್ಟಿದಾಕಿ ಜಳಕಾ ಮಾಡಿ ಗುಡಿಗೆ ಹೋಗಿ ಬಂದ್ಲು. ಉಪವಾಸ ಬ್ಯಾಡ ಅಂತ ನಾನೂ ನಮ್ಮನಿಯವರೂ ಜಗಳ ತಗದ ಮ್ಯಾಲೆ ಹಾಲು, ಬಾಳೆಹಣ್ಣು, ಸಾಬೂದಾಣಿ ಖಿಚಡಿಗೆ ಒಪ್ಪಿದ್ಲು. ತಿಕೋಟಾದಾಗ ಡಾಕ್ಟರಿಗೆ ತೋರಿಸಿದ್ವಿ, ರಾತ್ರಿ ಗುಳಗಿ ಊಟದ ತಾಟ ಮುಂದ ಬಂದ ಮ್ಯಾಲೆ ತಗೋರಿ ಅಂತ ಹೇಳ್ಯಾರ. ಈಗ ಆಕಿ ಚೀಲದಾಗ ಒಂದ ಸಣ್ಣ ಡಬ್ಬಿ ಸಕ್ಕರಿ ಯಾವತ್ತೂ ಇರ್ತದ, ಸಂತಿಗೆ ಹೋದ್ರೂ.

ಆರ್‌.ಸಿ. ಅಕ್ಕನ ನಂಬರ ನನ್ನ ಫೋನಿನ್ಯಾಗ ಹಾಕೂ ಮುಂದ ಏನಂತ ಬರೀಲಿ ಅಂತ ಅತ್ತೀನ ಕೇಳಿದೆ. "ಹೊಳಿದಂಡಿ ಅಂತ ಬರಿ" ಅಂದ್ಲು. ವಾರಕ್ಕ ಎರಡ ಸಲ 'ಹೊಳಿದಂಡಿ' ಫೋನ ಬರ್ತದ. ನಾ ರೊಟ್ಟಿ ಬಡ್ಯಾಕತ್ತಿದ್ರ ಮಗ ಎತ್ತಿ ಆಯಿ ಕೈಯಾಗ ಕೊಡ್ತಾನ, ಮುಂದ ಅರ್ಧ ತಾಸ ನನ್ನ ಫೋನ ನನಗ ಸಿಗೂದಿಲ್ಲ. ಮೇ ತಿಂಗಳದಾಗ ನೀರ ಇಳದಾಗ ಹಳೇ ಗುಡಿ ಕಟ್ಟಿ ಕಾಣಸ್ತೈತಂತ, ಇಬ್ಬರೂ ಕೂಡಿ ಹೋಗೂ ಮಾತ ನಡಸ್ಯಾರ. ಬಸ್ಸಿಗೋ ರೈಲಿಗೋ ಅನ್ನೂದು ಇನ್ನೂ ಬಗಿಹರಿದಿಲ್ಲ.